ಬಿ ಫಾರ್ಮ್‌ಗೆ ಕಾದು ಕುಂತವರಿಗೆ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಸಮಸ್ತ ಟಿಕೆಟ್ ಆಕಾಂಕ್ಷಿಗಳಿಗೆ, ಯಾವ ಪಕ್ಷದ ಶಾಲನ್ನೂ ಹೊದೆಯದ ಮತದಾರನೊಬ್ಬನ ಶರಣು ಶರಣಾರ್ಥಿ.

2028ರ ಚುನಾವಣೆ ಇನ್ನೂ ದೂರವಿದೆ. ನೀವು ಮಾತ್ರ ಹತ್ತಿರದಲ್ಲೇ ಇದ್ದೀರಿ ಅನ್ನುವುದು ಫ್ಲೆಕ್ಸುಗಳಿಂದ ಗೊತ್ತಾಗುತ್ತಿದೆ. ನಮ್ಮೂರ ಸರ್ಕಲ್ಲಿನಲ್ಲಿ ಕಟ್ಟಿರುವ ನಿಮ್ಮ ಹುಟ್ಟುಹಬ್ಬದ ಫ್ಲೆಕ್ಸನ್ನು ಬಸ್ಸಿಗೆ ಕಾಯುತ್ತ ಪುರುಸೊತ್ತಾಗಿ ನೋಡಿದೆ. ಮೇಲ್ಸಾಲಿನಲ್ಲಿ ಬಸವಣ್ಣ, ಅಂಬೇಡ್ಕರ್, ಸಂಗೊಳ್ಳಿ ರಾಯಣ್ಣ, ಶಿವಾಜಿ, ಯಾರಿಗೂ ಬೇಜಾರಾಗಬಾರದಲ್ಲ. ನಡುವೆ ಕೈಮುಗಿದ ನೀವು. ಕೆಳಗೆ ಅಂಚೆಚೀಟಿಯಷ್ಟು ಅಳತೆಯ ಗೆಳೆಯರ ಬಳಗ. ಪಕ್ಷದ ಚಿಹ್ನೆ ಇರಬೇಕಾದ ಬಲಮೂಲೆಯಲ್ಲಿ ಒಂದು ಗುಲಾಬಿ. ಕಮಲವೂ ಅಲ್ಲ, ಕೈಯೂ ಅಲ್ಲ. ಜಾಗವನ್ನು ಮಾತ್ರ ಚಿಹ್ನೆಯ ಅಳತೆಗೇ ಬಿಟ್ಟಿದ್ದೀರಿ. ಆ ದೂರದೃಷ್ಟಿಗೆ ಮೆಚ್ಚಿ ಈ ಪತ್ರ ಬರೆಯುತ್ತಿದ್ದೇನೆ.

ನಿಮ್ಮ ಸಂಕಟ ನನಗೆ ತಿಳಿಯದ್ದಲ್ಲ. ನಿಷ್ಠಾವಂತ ಕಾರ್ಯಕರ್ತ ಅನ್ನಿಸಿಕೊಳ್ಳದಿದ್ದರೆ ಟಿಕೆಟ್ ಇಲ್ಲ. ಬರೀ ಅದನ್ನೇ ಅನ್ನಿಸಿಕೊಂಡರೆ ನಮ್ಮಂಥವರ ವೋಟಿಲ್ಲ. ಅಮೆರಿಕದವರಿಗೂ ಇದೇ ತಲೆಬೇನೆಯಂತೆ. ಅಲ್ಲಿ ಟಿಕೆಟ್ ಹಂಚುವುದು ಹೈಕಮಾಂಡ್ ಅಲ್ಲ, ಮತದಾರರು. ಪ್ರೈಮರಿ ಎಂಬ ಮೊದಲ ಸುತ್ತಿನಲ್ಲಿ ಪಕ್ಷದ ಕಟ್ಟಾಳುಗಳೆದುರು ಗಂಟಲು ಹರಿದುಕೊಳ್ಳಬೇಕು, ನವೆಂಬರಿನಲ್ಲಿ ಪಕ್ಷವಿಲ್ಲದವರೆದುರು ಅದೇ ಗಂಟಲನ್ನು ತಗ್ಗಿಸಬೇಕು. ಕೆಲವು ರಾಜ್ಯಗಳಲ್ಲಿ ಪಕ್ಷವಿಲ್ಲದವರೂ ಮೊದಲ ಸುತ್ತಿನಲ್ಲೇ ಮತ ಹಾಕಬಹುದು. ಅಲ್ಲಂತೂ ಅಭ್ಯರ್ಥಿ ಒಂದೇ ಬಾಯಲ್ಲಿ ಎರಡು ದನಿ ತೆಗೆಯಬೇಕು.

ನಮ್ಮ ರಾಜ್ಯದಲ್ಲೂ ಈ ಪ್ರಯೋಗ ಆಗಿಹೋಗಿದೆ. 2014ರ ಲೋಕಸಭೆ ಚುನಾವಣೆಗೆ ಕಾಂಗ್ರೆಸ್ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡದಲ್ಲಿ ಕಾರ್ಯಕರ್ತರಿಂದಲೇ ಮತ ಹಾಕಿಸಿ ಅಭ್ಯರ್ಥಿ ಆರಿಸಿತು. ಸಿ. ನಾರಾಯಣಸ್ವಾಮಿ, ಜನಾರ್ದನ ಪೂಜಾರಿ ಒಳಗಿನ ಚುನಾವಣೆ ಗೆದ್ದರು. ಹೊರಗಿನದ್ದನ್ನು ಸದಾನಂದಗೌಡರು, ನಳಿನ್‌ಕುಮಾರ್ ಕಟೀಲ್ ಗೆದ್ದರು. 2023ರ ಮಾರ್ಚ್ 31ರಂದು ಬಿಜೆಪಿಯೂ ಪದಾಧಿಕಾರಿಗಳ ಕೈಯಲ್ಲಿ ಚೀಟಿ ಕೊಟ್ಟು ಅಭಿಪ್ರಾಯ ಕೇಳಿತು. ಚೀಟಿ ಹಾಕಿದವರಿಗೆ ಲೆಕ್ಕ ಮಾತ್ರ ಯಾರೂ ಹೇಳಲಿಲ್ಲ. ಅದೇ ಚುನಾವಣೆಗೆ ಕಾಂಗ್ರೆಸ್ಸಿನದು ನೇರ ವ್ಯವಹಾರ: ಅರ್ಜಿ ಫಾರಂಗೆ 5 ಸಾವಿರ, ಸಾಮಾನ್ಯ ವರ್ಗದವರಾದರೆ ಜೊತೆಗೆ 2 ಲಕ್ಷದ ಡಿಡಿ. ನಿಷ್ಠೆಗೆ ಇಷ್ಟು ಸ್ಪಷ್ಟವಾದ ದರಪಟ್ಟಿಯನ್ನು ಇನ್ಯಾರೂ ಪ್ರಕಟಿಸಿದ್ದು ನನಗೆ ನೆನಪಿಲ್ಲ.

ಆದರೆ ಆಕಾಂಕ್ಷಿಗಳೇ, ಇವೆಲ್ಲ ಹೊರಗಿನವರ ಪಾಡು. ನಮ್ಮ ಮೂರು ತಾಲೂಕಿನಲ್ಲಿ ಹುಟ್ಟಿಯೂ ನೀವು ಪಕ್ಷನಿಷ್ಠೆಯ ಚಿಂತೆ ಹಚ್ಚಿಕೊಂಡಿದ್ದೀರಿ ಅಂದರೆ ನನಗೆ ನಗು ಬರುತ್ತದೆ.

ಗೋಕಾಕದ್ದೇ ತಗೊಳ್ಳಿ. 1999ರಿಂದ ಇಲ್ಲಿಯವರೆಗೆ ಶಾಸಕರು ಒಬ್ಬರೇ, ರಮೇಶ ಜಾರಕಿಹೊಳಿ. 2018ರ ಮೇನಲ್ಲಿ ಕೈಗೆ ಒತ್ತಿ ಅವರನ್ನು ಗೆಲ್ಲಿಸಿದೆವು, 2019ರ ಡಿಸೆಂಬರಿನಲ್ಲಿ ಕಮಲಕ್ಕೆ ಒತ್ತಿ ಅವರನ್ನೇ ಗೆಲ್ಲಿಸಿದೆವು. ನಡುವೆ ರಾಜೀನಾಮೆ, ಅನರ್ಹತೆ, ಸುಪ್ರೀಂ ಕೋರ್ಟು ಎಲ್ಲ ಆಯಿತು. ಬೆರಳು ಅರ್ಧ ಇಂಚು ಸರಿಯಿತು, ಅಷ್ಟೆ. ಆ ಉಪಚುನಾವಣೆಯಲ್ಲಿ ಕೈ ಚಿಹ್ನೆ ಹಿಡಿದು ಎದುರಿಗೆ ನಿಂತವರು ಅವರ ತಮ್ಮ ಲಖನ್. 2018ರಲ್ಲಿ ಕಮಲ ಹಿಡಿದಿದ್ದ ಅಶೋಕ ಪೂಜಾರಿಯವರು ಆ ಸಲ ಜೆಡಿಎಸ್ಸಿನಿಂದ. ಅಂದರೆ ಒಂದೂವರೆ ವರ್ಷದಲ್ಲಿ ಚಿಹ್ನೆಗಳೆಲ್ಲ ಅಲ್ಲೇ ಇದ್ದವು, ಹಿಡಿದ ಕೈಗಳು ಮಾತ್ರ ಅದಲುಬದಲಾಗಿದ್ದವು. ಮುಂದೆ 2021ರ ಡಿಸೆಂಬರಿನಲ್ಲಿ ಸ್ಥಳೀಯ ಸಂಸ್ಥೆಗಳಿಂದ ವಿಧಾನ ಪರಿಷತ್ತಿಗೆ ಚುನಾವಣೆ ಬಂತು. ಬೆಳಗಾವಿಗೆ ಎರಡು ಸ್ಥಾನ. ಒಂದನ್ನು ಕಾಂಗ್ರೆಸ್ಸಿನ ಚನ್ನರಾಜ ಹಟ್ಟಿಹೊಳಿ ಗೆದ್ದರು. ಇನ್ನೊಂದನ್ನು ಗೆದ್ದವರು ಅದೇ ಲಖನ್, ಪಕ್ಷೇತರರಾಗಿ. ಸೋತವರು ಬಿಜೆಪಿಯ ಮಹಾಂತೇಶ ಕವಟಗಿಮಠ. ಆಗ ರಾಜ್ಯದಲ್ಲಿ ಇದ್ದದ್ದು ಬಿಜೆಪಿ ಸರ್ಕಾರ, ಲಖನ್ ಅವರ ಇಬ್ಬರು ಅಣ್ಣಂದಿರು ಬಿಜೆಪಿ ಶಾಸಕರು. ಪಕ್ಷೇತರ ಅಂದರೆ ಪಕ್ಷವಿಲ್ಲದವನು ಎಂದು ತಿಳಿದಿದ್ದ ನಮ್ಮಂಥವರಿಗೆ ಅಂದು ತಿದ್ದುಪಡಿ ಆಯಿತು.

ಮೂಡಲಗಿಯವರು ಗೋಕಾಕದವರಿಗಿಂತ ಮೊದಲೇ ಈ ಪಾಠ ಮುಗಿಸಿದ್ದಾರೆ. ರಮೇಶರ ಇನ್ನೊಬ್ಬ ತಮ್ಮ, ಅರಭಾವಿ ಕ್ಷೇತ್ರದ ಬಾಲಚಂದ್ರ ಜಾರಕಿಹೊಳಿ 2008ರ ಮೇನಲ್ಲಿ ಜೆಡಿಎಸ್, ಡಿಸೆಂಬರಿನಲ್ಲಿ ಬಿಜೆಪಿ. ಎರಡೂ ಸಲ ಗೆಲುವು. ಬೇರೆ ಪಕ್ಷದ ಶಾಸಕರನ್ನು ಬಿಜೆಪಿ ಸೆಳೆದ ಅದೇ ಆಪರೇಷನ್ ಕಮಲದಲ್ಲಿ, ಅದೇ ಏಳು ತಿಂಗಳಲ್ಲಿ, ಹುಕ್ಕೇರಿಯ ಉಮೇಶ ಕತ್ತಿಯವರೂ ಜೆಡಿಎಸ್ ಬಿಟ್ಟು ಬಿಜೆಪಿಯಿಂದ ಗೆದ್ದರು. ಕತ್ತಿಯವರದು ದೊಡ್ಡ ದಾಖಲೆ ಬಿಡಿ. 1985ರಲ್ಲಿ ಜನತಾ ಪಕ್ಷ, ಆಮೇಲೆ ಜನತಾ ದಳ, 1999ರಲ್ಲಿ ಸಂಯುಕ್ತ ಜನತಾ ದಳ, 2008ರಲ್ಲಿ ಜಾತ್ಯತೀತ ಜನತಾ ದಳ, ಕೊನೆಗೆ ಬಿಜೆಪಿ. 2022ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಎಂಟು ಗೆಲುವು. ನಡುವೆ 2004ರಲ್ಲಿ ಕಾಂಗ್ರೆಸ್ಸಿನಿಂದ ನಿಂತು ಸೋತಿದ್ದರು. ಅಂದಮೇಲೆ ಹುಕ್ಕೇರಿಯ ಮತದಾರನಿಗೆ ಚಿಹ್ನೆ ಲೆಕ್ಕಕ್ಕೇ ಇಲ್ಲ ಅನ್ನುವಂತಿಲ್ಲ. ಇದ್ದಕ್ಕಿದ್ದಂತೆ ಒಮ್ಮೊಮ್ಮೆ ನೆನಪಾಗುತ್ತದೆ.

ನ್ಯಾಯವಾಗಿ ಹೇಳಬೇಕೆಂದರೆ ಅದೇ ಹುಕ್ಕೇರಿ ತಾಲೂಕಿನ ಯಮಕನಮರಡಿಯಲ್ಲಿ ರಮೇಶ, ಬಾಲಚಂದ್ರರ ಸಹೋದರ ಸತೀಶ ಜಾರಕಿಹೊಳಿ 2008ರಿಂದ ಕಾಂಗ್ರೆಸ್ ಬಿಟ್ಟು ಕದಲಿಲ್ಲ. ರಾಹುಕಾಲದಲ್ಲೇ ನಾಮಪತ್ರ ಕೊಟ್ಟು ಗೆದ್ದವರು ಅವರು. ಪಂಚಾಂಗಕ್ಕೆ ಹೆದರದವರಿಗೆ ಹೈಕಮಾಂಡ್ ಏನು ಲೆಕ್ಕ ಎನ್ನಬಹುದು ನೀವು. ಇರಲಿ. ಆದರೆ 2024ರಲ್ಲಿ ಚಿಕ್ಕೋಡಿಯಲ್ಲಿ ಅವರ ಮಗಳು ಪ್ರಿಯಾಂಕಾ ಕಾಂಗ್ರೆಸ್ಸಿನಿಂದ ನಿಂತು ಬಿಜೆಪಿಯ ಅಣ್ಣಾಸಾಹೇಬ ಜೊಲ್ಲೆಯವರನ್ನು ಸೋಲಿಸಿದರು. ಮರುವರ್ಷ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಚುನಾವಣೆ ಬಂತು ನೋಡಿ, ಸತೀಶರು, ಬಾಲಚಂದ್ರರು, ಜೊಲ್ಲೆಯವರು ಒಂದೇ ಪೆನಲ್ಲಿನ ಪರ! ಎದುರಿಗೆ ಬಿಜೆಪಿಯಿಂದ ಸಂಸದರಾಗಿದ್ದ ರಮೇಶ ಕತ್ತಿ. ಅವರ ಹೆಗಲಿಗೆ ಹೆಗಲು ಕೊಟ್ಟವರು ಕಾಂಗ್ರೆಸ್ಸಿನ ಎ.ಬಿ. ಪಾಟೀಲ, 2023ರಲ್ಲಿ ಕತ್ತಿ ಮನೆತನದ ನಿಖಿಲ್ ಎದುರು ವಿಧಾನಸಭೆಗೆ ನಿಂತು ಸೋತವರು. ಕತ್ತಿ, ಪಾಟೀಲರ ಕಡೆಯವರು ಹದಿನೈದಕ್ಕೆ ಹದಿನೈದೂ ಗೆದ್ದರು. ಬೆಂಗಳೂರಿನ ಟಿವಿಯವರಿಗೆ ಇದರಲ್ಲಿ ಕಾಂಗ್ರೆಸ್ ಗೆದ್ದಿತೋ ಬಿಜೆಪಿ ಗೆದ್ದಿತೋ ಹೇಳಲು ಬಾಯಿ ತೊದಲಿತು. ನಮಗೆ ತೊದಲಲಿಲ್ಲ.

ಯಾಕೆಂದರೆ ಅದೇ ನಮ್ಮ ನಿಜವಾದ ಪ್ರೈಮರಿ. ಸಹಕಾರಿ ಸಂಘದ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ, ವಿಪ್ ಇಲ್ಲ, ಪಕ್ಷಾಂತರ ನಿಷೇಧ ಕಾಯ್ದೆಯ ಕಾಟವಿಲ್ಲ. 1969ರಲ್ಲಿ ಹುಟ್ಟಿದ ಆ ಸಂಘ ಮನೆಮನೆಗೆ ಕರೆಂಟ್ ಕೊಡುತ್ತದೆ. ರಾಜ್ಯದಲ್ಲಿ ಇಂಥದ್ದು ಇನ್ನೊಂದಿಲ್ಲ. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಬೆಳೆಸಾಲ ಕೊಡುತ್ತದೆ. ಕಬ್ಬು ಅರೆಯುವುದು ಹಿರೇನಂದಿಯ ಸೌಭಾಗ್ಯಲಕ್ಷ್ಮಿ, ಹುಣಶ್ಯಾಳದ ಸತೀಶ ಶುಗರ್ಸ್, ಬೆಲ್ಲದ ಬಾಗೇವಾಡಿಯ ವಿಶ್ವರಾಜ ಶುಗರ್ಸ್. ಯಾವುದು ಯಾವ ಮನೆತನದ್ದು ಎಂದು ನಿಮಗೆ ನಾನು ಹೇಳಬೇಕೇ?

ಸ್ವತಂತ್ರ ಮತದಾರರನ್ನು ಹುಡುಕಿಕೊಂಡು ಹೊರಟಿದ್ದೀರಲ್ಲ, ನಿಮಗೆ ಈಗಲೇ ಎಚ್ಚರಿಸುತ್ತೇನೆ. ಇಲ್ಲಿ ಸ್ವತಂತ್ರರಾಗಿರುವವರು ಅಭ್ಯರ್ಥಿಗಳು. ಇವತ್ತು ಈ ಪಕ್ಷ, ನಾಳೆ ಆ ಪಕ್ಷ, ನಾಡಿದ್ದು ಪಕ್ಷವೇ ಬೇಡ. ನಿಷ್ಠರಾಗಿ ಉಳಿದವರು ನಾವು ಮತದಾರರು: ಮೀಟರಿಗೆ, ಸಾಲದ ಖಾತೆಗೆ, ಕಾಟಾದ ಮೇಲಿನ ತೂಕಕ್ಕೆ. ಯಾವ ಪಕ್ಷದ ಶಾಲನ್ನೂ ಹೊದೆಯದವನು ಎಂದು ಮೇಲೆ ಬರೆದುಕೊಂಡೆನಲ್ಲ, ಅದು ಜಂಬದ ಮಾತಲ್ಲ. ಹೊದೆದ ಶಾಲು ಯಾವುದೆಂದು ಕೇಳುವ ಜನ ಬೇರೆ ಬೇರೆ ಕೌಂಟರಿನಲ್ಲಿ ಕೂತಿರುತ್ತಾರೆ.

ಒಮ್ಮೆ ಮಾತ್ರ ಪಕ್ಷವಿಲ್ಲದ ಜನ ಹೇಗಿರುತ್ತಾರೆ ಎಂದು ಕಣ್ಣಾರೆ ಕಂಡೆವು. 2025ರ ಅಕ್ಟೋಬರ್ ಕೊನೆಗೆ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ರೂಪಾಯಿ ಕೊಡಿ ಎಂದು ರೈತರು ರಸ್ತೆಗೆ ಕೂತರು. ಹಸಿರು ಶಾಲಿನ ನಡುವೆ ಎಲ್ಲ ಬಣ್ಣದವರಿಗೂ ಜಾಗ ಬೇಕಾಯಿತು. ಬಿಜೆಪಿ ರಾಜ್ಯಾಧ್ಯಕ್ಷ ವಿಜಯೇಂದ್ರರು ಬಂದು ರಾತ್ರಿ ಅಲ್ಲೇ ಮಲಗಿದರು, ಸರ್ಕಾರದ ಸಚಿವರೂ ಬಂದು ಹೋದರು. ಕೊನೆಗೆ 3,300ಕ್ಕೆ ಇತ್ಯರ್ಥವಾಯಿತು. ಆ ದಿನಗಳಲ್ಲಿ ನಿಮ್ಮ ಮುಖ ಮಾತ್ರ ಅಲ್ಲಿ ಕಾಣಲಿಲ್ಲ. ತಪ್ಪು ತಿಳಿಯಬೇಡಿ. ಒಂದು ಕಡೆ ಕೂತ ರೈತರು ನಾಳಿನ ಮತದಾರರು, ಇನ್ನೊಂದು ಕಡೆಯ ಕಾರ್ಖಾನೆಗಳವರು ನಾಳೆ ನಿಮಗೆ ಟಿಕೆಟ್ ಕೊಡಿಸಬೇಕಾದವರು. ನೀವು ಪಾಪ ಎಲ್ಲಿ ನಿಲ್ಲಬೇಕಿತ್ತು?

ಟಿಕೆಟ್ ಕೈತಪ್ಪಿದರೆ ಪಕ್ಷೇತರರಾಗಿ ನಿಲ್ಲುವ ಆಲೋಚನೆಯೂ ನಿಮ್ಮಲ್ಲಿ ಕೆಲವರಿಗಿದೆ ಎಂದು ಕೇಳಿದೆ. ಧೈರ್ಯಗೆಡಬೇಡಿ. 2023ರಲ್ಲಿ ಅರಭಾವಿಯಲ್ಲಿ ಎರಡನೇ ಸ್ಥಾನಕ್ಕೆ ಬಂದವರು ಪಕ್ಷೇತರ ಭೀಮಪ್ಪ ಗಡಾದ. ರಾಜ್ಯವನ್ನೇ ಗೆದ್ದ ಕಾಂಗ್ರೆಸ್ ಅಲ್ಲಿ ಮೂರನೆಯದು. ಆದರೆ ಕಾನೂನಿಗೆ ಪಕ್ಷೇತರರ ಮೇಲೆ ಸ್ವಲ್ಪ ಗುಮಾನಿ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ನಿಮಗೆ ಹತ್ತು ಮಂದಿ ಬೇಕು. ಪಕ್ಷದಿಂದ ಗೆದ್ದವರು ರಾಜೀನಾಮೆ ಕೊಟ್ಟು ಇನ್ನೊಂದು ಪಕ್ಷದಿಂದ ಮತ್ತೆ ಗೆದ್ದು ಬಂದು ಮಂತ್ರಿಯಾಗಬಹುದು. ನೀವು ಗೆದ್ದಮೇಲೆ ಯಾವ ಪಕ್ಷ ಸೇರಿದರೂ ಸದಸ್ಯತ್ವಕ್ಕೇ ಸಂಚಕಾರ. ಪಕ್ಷವಿಲ್ಲ ಎಂದು ಒಮ್ಮೆ ಹೇಳಿದ ಮೇಲೆ ಸದಸ್ಯತ್ವ ಇರುವತನಕ ಅದನ್ನು ಪಾಲಿಸಬೇಕಾದವರು ಈ ದೇಶದಲ್ಲಿ ನೀವೊಬ್ಬರೇ.

ಹತ್ತು ಸಹಿಗಳಲ್ಲಿ ಒಂದನ್ನು ನನ್ನಿಂದ ಕೇಳಲು ಬರುತ್ತೀರಿ, ಗೊತ್ತಿದೆ. ಸಹಿ ಹಾಕಲು ನನ್ನದೇನೂ ಅಭ್ಯಂತರವಿಲ್ಲ. ನಾಮಪತ್ರದ ದಿನಾಂಕವನ್ನು ಮಾತ್ರ ನೋಡಿ ಬನ್ನಿ. ನನ್ನ ಹೊಲದ ಕಬ್ಬಿಗೆ ಕಟಾವಿನ ಪಾಳಿ ಬಂದು, ಟೋಳಿಯವರು ಕಡಿದು, ಲಾರಿ ಕಾಟಾ ದಾಟಿ, ಬಿಲ್ಲು ಖಾತೆಗೆ ಬಿದ್ದಮೇಲೆ ಬನ್ನಿ. ಹದಿನಾಲ್ಕು ದಿನದಲ್ಲಿ ಬಿಲ್ಲು ಕೊಡಬೇಕೆಂದು ಕಾನೂನಿದೆ, ಆದರೂ ಒಂದಿಷ್ಟು ದಿನ ಹೆಚ್ಚೇ ಹಿಡಿದುಕೊಳ್ಳಿ. ಅದಕ್ಕಿಂತ ಮೊದಲು ಬಂದರೆ ಚಹಾ ಕುಡಿಸಿ ಕಳಿಸುತ್ತೇನೆ. ಬರುವಾಗ ಗಾಡಿಯನ್ನು ಮನೆ ಮುಂದೆ ನಿಲ್ಲಿಸಬೇಡಿ, ಹನುಮಂತದೇವರ ಗುಡಿಯ ಹಿಂದೆ ನಿಲ್ಲಿಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಕಬ್ಬು ಬೆಳೆಗಾರ
(ಹೆಸರು ಬೇಡ, ಹಂಗಾಮು ನಡೆದಿದೆ)