ಸೂಟಿಯ ಟೈಂಟೇಬಲ್

ಕಲಬುರಗಿಯ ಬಿಸಿಲಿಗೆ ಸರ್ಕಾರವೇ ಹೆದರುತ್ತದೆ. ಏಪ್ರಿಲ್, ಮೇ ಬಂತೆಂದರೆ ಇಲ್ಲಿಯ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಹೆದರದವರು ಅಂದರೆ ತಂದೆತಾಯಿಗಳು ಮಾತ್ರ. ಆಫೀಸಿನಿಂದ ಬಂದು, ರೊಟ್ಟಿ ಉಂಡು, ಕೂಲರಿಗೆ ನೀರು ಸುರಿದು, ಎರಡಕ್ಕೆ ಸರಿಯಾಗಿ ಮನೆಯಲ್ಲೇ ಸಾಲಿ ಶುರು ಮಾಡುವ ಜಾತಿ ನಮ್ಮದು.

ಏಪ್ರಿಲ್ 11ರಿಂದ ಮೇ 28ರ ತನಕ ಸೂಟಿ. ಇಷ್ಟು ದಿನ ಪುಸ್ತಕ ಮುಚ್ಚಿಟ್ಟರೆ ಕಲಿತದ್ದೆಲ್ಲ ಬೆವರಿನ ಜೊತೆ ಹರಿದುಹೋಗುತ್ತದೆ ಎಂಬುದು ನನ್ನ ಹೆಂಡತಿಯ ಸಿದ್ಧಾಂತ. ಪಕ್ಕದ ಮನೆಯ ಹುಡುಗ ಅಬಾಕಸ್‌ಗೆ ಸೇರಿದ ಮೇಲೆ ಅದು ಇನ್ನಷ್ಟು ಗಟ್ಟಿಯಾಯಿತು. ಟೈಂಟೇಬಲ್ ಬರೆದು ಗೋಡೆಗೆ ಅಂಟಿಸಿದವಳು ಅವಳು, ಜಾರಿಗೆ ತರುವ ಅಧಿಕಾರಿ ನಾನು. ನಾಲ್ಕನೇ ಕ್ಲಾಸಿನ ಮಗಳು ಅದನ್ನು ಮೇಲಿಂದ ಕೆಳಗಿನವರೆಗೆ ಓದಿ ಕೇಳಿದಳು: "ಅಪ್ಪಾ, ನಿಮ್ಮ ಆಫೀಸು ಒಂದೂವರಿಗಿ ಬಂದ್ ಆಗ್ತದ. ನಂದ್ಯಾಕ ಎರಡಕ್ಕ ಚಾಲೂ ಆಗ್ತದ?"

ಉತ್ತರವಿಲ್ಲದ ಪ್ರಶ್ನೆ ಬಂದಾಗ ಕಚೇರಿಯಲ್ಲಿ ನಾವು ಏನು ಮಾಡುತ್ತೇವೋ ಅದನ್ನೇ ಮಾಡಿದೆ: ಕಡತವನ್ನು ಬೇರೆ ಶಾಖೆಗೆ ಕಳಿಸಿದೆ. ಗಣಿತ ಬಿಟ್ಟು ಇತಿಹಾಸ ಹಿಡಿದೆ. ಮರುದಿನ ಬಿಸಿಲೇರುವ ಮೊದಲೇ ಕೋಟೆ.

1347ರಲ್ಲಿ ಹಸನ್ ಗಂಗು ಬಹಮನಿ ರಾಜ್ಯ ಕಟ್ಟಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡದ್ದನ್ನು ನಾನು ಹೇಳುತ್ತಿದ್ದೆ, ಅವಳು ಅಳಿಲು ಎಣಿಸುತ್ತಿದ್ದಳು. 1367ರ ಜಾಮಿ ಮಸೀದಿಯ ಒಳಗೆ ಹೋದಾಗ ಮಾತ್ರ ಕತ್ತೆತ್ತಿದಳು. ಬೇರೆ ಮಸೀದಿಗಳಂತೆ ಇದಕ್ಕೆ ಬಯಲು ಅಂಗಳವಿಲ್ಲ, ಇಡೀ ಕಟ್ಟಡಕ್ಕೆ ಗುಮ್ಮಟಗಳ ಚಾವಣಿ. ಇದರ ಹೋಲಿಕೆ ಹುಡುಕುತ್ತ ಪಂಡಿತರು ಸ್ಪೇನಿನ ಕೊರ್ದೊಬಾದವರೆಗೆ ಹೋಗಿದ್ದಾರೆ. ನನ್ನ ಮಗಳು ಅಷ್ಟು ದೂರ ಹೋಗಲಿಲ್ಲ. "ಕಟ್ಟಿದವರಿಗಿ ನಮ್ಮೂರ ಬಿಸಲು ಗೊತ್ತಿತ್ತು ಬಿಡ್ರಿ" ಅಂದಳು. ಪಂಡಿತರ ಮಾತಿಗಿಂತ ಇದೇ ನನಗೆ ಹಿಡಿಸಿತು.

ಆಮೇಲೆ ಬಾರಾ ಗಜಿ ತೋಪು, ಅಂದರೆ ಹನ್ನೆರಡು ಗಜದ ಫಿರಂಗಿ. ಉದ್ದ 29 ಅಡಿ ಎಂದೆ. ಒಂದು ಗಜಕ್ಕೆ ಮೂರು ಅಡಿ, ಹನ್ನೆರಡು ಗಜಕ್ಕೆ ಮೂವತ್ತಾರು. "ಉಳಿದ ಏಳು ಅಡಿ ಎಲ್ಲಿ ಹೋತು?" ಹಳೆಯ ಕಾಲದ ಗಜ ಇಂದಿನದಕ್ಕಿಂತ ಗಿಡ್ಡ ಎಂದು ಸಮಜಾಯಿಷಿ ಕೊಟ್ಟೆ. ಯಾರೋ ನಡುವೆ ತಿಂದಿದ್ದಾರೆ ಎಂಬಂತೆ ಅವಳು ನನ್ನನ್ನೇ ನೋಡಿದಳು. ಸರ್ಕಾರಿ ನೌಕರನ ಮಗಳು ನೋಡಿ.

ಕೊನೆಗೆ ಕಮಲಾಪುರದ ಬಸ್ಸು ಹತ್ತಿಸಿದೆ. ಅಲ್ಲಿ ನಮ್ಮಪ್ಪ ಇದ್ದಾರೆ, ಅವಳ ಮುತ್ಯಾ. ಅವರದು ಜಿಐ ಮಾನ್ಯತೆ ಪಡೆದ ಕೆಂಪು ಬಾಳೆಯ ತೋಟ. ಬೇರೆ ಬಾಳೆ ವರ್ಷದೊಳಗೆ ಗೊನೆ ಕೊಟ್ಟರೆ ಇದಕ್ಕೆ ಹೆಚ್ಚುಕಡಿಮೆ ಒಂದೂವರೆ ವರ್ಷ ಬೇಕು. ಬಾಳೆಗೆ ಅಷ್ಟು ಕಾಲ ತಾಳುವ ಅಪ್ಪ ನನ್ನ ಹದಿಮೂರರ ಮಗ್ಗಿಗೆ ಹದಿಮೂರು ಎಣಿಸುವಷ್ಟೂ ತಾಳುತ್ತಿರಲಿಲ್ಲ. ಸೂಟಿಯಲ್ಲೂ ದಿನಕ್ಕೆ ಐದು ಪುಟ ಶುದ್ಧ ಬರಹ ಬರೆಸುತ್ತಿದ್ದರು. ಇಂಥವರ ಕೈಯಲ್ಲಿ ಮಗಳು ಸುರಕ್ಷಿತ ಎಂದು ಹೆಂಡತಿ ಟೈಂಟೇಬಲಿನ ಫೋಟೊ ತೆಗೆದು ಅವರ ಹೊಸ ಮೊಬೈಲಿಗೆ ಕಳಿಸಿದಳು.

ಮುತ್ಯಾಗೆ ಅದನ್ನು ತೆರೆಯಲು ಬರಲಿಲ್ಲ. "ಇದು ಹೆಂಗ ತೆಗೀಬೇಕವ್ವಾ?" ಎಂದು ಮೊಮ್ಮಗಳನ್ನೇ ಕೇಳಿದರು. ಅವಳು ತೆಗೆದಳು, ಓದಿದಳು, ಅಳಿಸಿದಳು. ಆಮೇಲೆ ಮುತ್ಯಾಗೆ ಮೊಬೈಲ್ ಕಲಿಸಲು ಕೂತಳು.

ಪಾಠ ಎಲ್ಲಿಗೆ ಬಂತೆಂದು ನಮಗೆ ಆಗಾಗ ಗೊತ್ತಾಗುತ್ತಿತ್ತು. ಗೊನೆಯ ಫೋಟೊ ಕಳಿಸೆಂದರೆ ಅಪ್ಪ ತಮ್ಮ ಹೆಬ್ಬೆರಳಿನ ಫೋಟೊ ಕಳಿಸಿದ್ದರು, ಅದೂ ಬಾಳೆ ವ್ಯಾಪಾರಿಗಳ ಗ್ರೂಪಿಗೆ. ಒಬ್ಬ ವ್ಯಾಪಾರಿ ರೇಟು ಕೇಳಿದ್ದನಂತೆ. ತಪ್ಪಿಗೆ ಹತ್ತು ಸಲ ಮಾಡು ಎಂಬ ಶಿಕ್ಷೆ. ಐದು ಪುಟದ ಲೆಕ್ಕ ಇಷ್ಟು ವರ್ಷದ ಮೇಲೆ ಚುಕ್ತಾ ಆಗುತ್ತಿರುವುದನ್ನು ಕೇಳಿ ನನಗೆ ಆದ ಸಂತೋಷವನ್ನು ಹೆಂಡತಿಯ ಮುಂದೆ ತೋರಿಸುವಂತಿರಲಿಲ್ಲ.

ಮಗಳನ್ನು ಕರೆತರಲು ಹೊರಡಬೇಕೆನ್ನುವಾಗ ಅಪ್ಪನ ಫೋನು. "ಈ ಐತವಾರ ಬರಬ್ಯಾಡಪಾ. ನಿನ್ನ ಮಗಳು ನನ್ನ ಫೇಲ್ ಮಾಡ್ಯಾಳ. ಮುಂದಿನ ವಾರ ಮತ್ತ ಪರೀಕ್ಷಾ ಅದ."

"ಒಂದು ಫೋಟೊ ಕಳಸೂದ್ರಾಗ ಹೆಂಗ ಫೇಲಾದ್ರಿ ಅಪ್ಪಾ?"

"ಪಾಸಾದ್ರ ಆಕಿ ಊರಿಗಿ ಹೋಗ್ತಾಳಲೇ ಹುಚ್ಚಾ!"