ಮೂರು ಗಂಟೆಯ ಮಾತು

2022ರ ಅಕ್ಟೋಬರ್‌ನಲ್ಲಿ ದಕ್ಷಿಣ ಕೊರಿಯಾದ ಪಾಂಗ್ಯೋದಲ್ಲಿ ಒಂದು ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ಆ ದೇಶದ ಮನೆಮನೆಯಲ್ಲೂ ಇರುವ ಮೆಸೇಜಿಂಗ್ ಆ್ಯಪ್ ಕಾಕಾವೋ ಟಾಕ್ ಮೂಕವಾಯಿತು. ಎಲ್ಲ ಸರ್ವರ್ ಒಂದೇ ಕಡೆ ಪೇರಿಸಿಟ್ಟುಕೊಂಡು ಕೂರುತ್ತಾರೇನ್ರೀ ಎಂದು ಸರ್ಕಾರ ಕಂಪನಿಯ ಕಿವಿ ಹಿಂಡಿತು. ಅದೇ ಹುಮ್ಮಸ್ಸಿನಲ್ಲಿ ಸರ್ಕಾರಿ ಡೇಟಾ ಸೆಂಟರ್‌ನ ಹಿರಿಯರು ಭರವಸೆಯನ್ನೂ ಕೊಟ್ಟರು: ನಮ್ಮ ಡೇಜಾನ್ ಕೇಂದ್ರ ಪೂರ್ತಿ ಸುಟ್ಟರೂ ಮೂರು ಗಂಟೆಯಲ್ಲಿ ಎಲ್ಲ ಸರಿ.

2025ರ ಸೆಪ್ಟೆಂಬರ್ 26ರಂದು ಡೇಜಾನ್ ಕೇಂದ್ರ ಹೊತ್ತಿ ಉರಿಯಿತು. ಲಿಥಿಯಂ ಬ್ಯಾಟರಿಗಳು ಸರ್ವರ್‌ಗಳ ಮಗ್ಗುಲಲ್ಲಿದ್ದರೆ ಅಪಾಯವೆಂದು ಅವನ್ನು ನೆಲಮಾಳಿಗೆಗೆ ಸಾಗಿಸುತ್ತಿದ್ದರು. ಆ ಸುರಕ್ಷತಾ ಕೆಲಸದಲ್ಲೇ ಕಿಡಿ ಹಾರಿದ್ದು. ಆರುನೂರಕ್ಕೂ ಹೆಚ್ಚು ಸರ್ಕಾರಿ ಸೇವೆಗಳು ನಿಂತವು. ತಿಂಗಳು ಕಳೆದರೂ ಎಲ್ಲವೂ ಎದ್ದು ಕೂರಲಿಲ್ಲ.

ಇದರಲ್ಲಿ ಮುತ್ತಿನಂಥ ಪ್ರಸಂಗ ಸರ್ಕಾರಿ ಕಡತಗಳ ಕ್ಲೌಡ್ ಆದ ಜಿ-ಡ್ರೈವ್‌ನದು. ಕಡತಗಳನ್ನು ನಿಮ್ಮ ನಿಮ್ಮ ಪಿಸಿಯಲ್ಲಿ ಇಡಬೇಡಿ, ಇಲ್ಲೇ ಇಡಿ ಎಂದು ಅಧಿಕಾರಿಗಳಿಗೆ ಅಪ್ಪಣೆಯಾಗಿತ್ತು. ತಲೆಗೆ 30 ಜಿಬಿ ಜಾಗ. ಹೀಗೆ ತುಂಬಿದ್ದು 858 ಟಿಬಿ. ಹೊರಗೆಲ್ಲೂ ಅದರ ಪ್ರತಿ ಇರಲಿಲ್ಲ. ಯಾಕೆ ಅಂದರೆ, ಗಾತ್ರ ದೊಡ್ಡದು, ವೇಗ ಸಾಲದು, ಬ್ಯಾಕಪ್ ಆಗುತ್ತಿರಲಿಲ್ಲವಂತೆ. ಸುಡುವುದಕ್ಕೆ ಮಾತ್ರ ಗಾತ್ರ ಅಡ್ಡ ಬರಲಿಲ್ಲ. 20 ಟಿಬಿ ಡಿಸ್ಕ್‌ಗಳ ಲೆಕ್ಕ ಹಿಡಿದರೆ 43 ಡಿಸ್ಕ್; ಒಂದು ಆಟೋದಲ್ಲಿ ಹಾಕಿಕೊಂಡು ಹೋಗಬಹುದು, ಮೀಟರ್ ಮೇಲೆ ಇಪ್ಪತ್ತು ರೂಪಾಯಿ ಹೆಚ್ಚು ಕೇಳಿದರೂ ನಷ್ಟವಿಲ್ಲ. ಸಿಬ್ಬಂದಿ ವ್ಯವಹಾರದ ಸಚಿವಾಲಯ ಅಪ್ಪಣೆಯನ್ನು ಚಾಚೂ ತಪ್ಪದೆ ಪಾಲಿಸಿತ್ತು, ಹಾಗಾಗಿ ಅದಕ್ಕೇ ಹೆಚ್ಚು ಪೆಟ್ಟು. ಮಾತು ಕೇಳದೆ ಪಿಸಿಯಲ್ಲೂ ಒಂದು ಪ್ರತಿ ಉಳಿಸಿಕೊಂಡಿದ್ದ ಅವಿಧೇಯರೇ ಕೊನೆಗೆ ಆ ದೇಶದ ಡಿಆರ್ (ಡಿಸಾಸ್ಟರ್ ರಿಕವರಿ) ಸೈಟ್ ಆದರು.

ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂದು ಯಾರೂ ಹಂಗಿಸುವಂತಿಲ್ಲ. ಗೊಂಗ್ಜು ಊರಿನಲ್ಲಿ ಬ್ಯಾಕಪ್ ಕೇಂದ್ರದ ಕಟ್ಟಡ 2023ರಲ್ಲೇ ಎದ್ದಿತ್ತು. ಬಾವಿ ತಯಾರಿತ್ತು, ಪ್ರಾರಂಭೋತ್ಸವ ಬಾಕಿಯಿತ್ತು.

ಕೊರಿಯಾದವರನ್ನೇ ಯಾಕೆ ಅನ್ನಬೇಕು! ಕ್ಲಸ್ಟರ್ ಎಂಬ ವೈಭವ ಎಲ್ಲ ಕಡೆ ಹೀಗೇ. ನಾಲ್ಕು ಸರ್ವರ್, ನಾಲ್ಕಕ್ಕೂ ಸೇರಿ ಒಂದು ಸ್ಟೋರೇಜ್. ಸಾಹೇಬರು ಬಂದಾಗ ಒಂದು ಸರ್ವರ್‌ನ ಕೇಬಲ್ ಕಿತ್ತು ತೋರಿಸುತ್ತಾರೆ. ಇನ್ನೊಂದು ಕೂಡಲೇ ಕೆಲಸ ಹೆಗಲಿಗೇರಿಸಿಕೊಳ್ಳುತ್ತದೆ, ಚಪ್ಪಾಳೆ. ಸ್ಟೋರೇಜ್‌ನ ಕೇಬಲ್‌ಗೆ ಕೈ ಹಾಕುವ ಗಂಡು ಆ ಕೋಣೆಯಲ್ಲಿ ಇರುವುದಿಲ್ಲ. ದೂರದೂರಿಗೆ ಕ್ಷಣಕ್ಷಣಕ್ಕೂ ರೆಪ್ಲಿಕೇಶನ್ ಇದೆಯಲ್ಲ ಅನ್ನುತ್ತಾರೆ. ಇದೆ. ಇಲ್ಲಿ ಯಾರೋ ತಪ್ಪಿ ಅಳಿಸಿದರೆ ಅಲ್ಲೂ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ. ಇನ್ನು ಯಾವ್ಯಾವ ವಾಲ್ಯೂಮ್ ಅಲ್ಲಿಗೆ ಹೋಗಬೇಕೆಂಬ ಪಟ್ಟಿ ಖರೀದಿಯ ದಿನ ಬರೆದದ್ದು. ಆಮೇಲೆ ಸೇರಿಸಿದ ವಾಲ್ಯೂಮ್‌ಗಳು ಅದರಲ್ಲಿ ಇರುವುದಿಲ್ಲ. ಡ್ಯಾಶ್‌ಬೋರ್ಡ್ ಮಾತ್ರ ಹಚ್ಚ ಹಸಿರು, ಯಾಕೆಂದರೆ ಅದು ನೋಡುವುದೂ ಅದೇ ಪಟ್ಟಿಯನ್ನು.

2017ರ ಜನವರಿ 31ರ ರಾತ್ರಿ, ಜನರ ಕೋಡ್ ಇಟ್ಟುಕೊಳ್ಳುವ ಕಂಪನಿ ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಅಳಿಸಿದರು. ನಿಲ್ಲಿಸುವ ಹೊತ್ತಿಗೆ 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ಪು, ರೆಪ್ಲಿಕೇಶನ್ ಎಂದು ಐದು ಏರ್ಪಾಡುಗಳಿದ್ದವು. ಐದೂ ನೆಟ್ಟಗೆ ಕೆಲಸ ಮಾಡುತ್ತಿರಲಿಲ್ಲವೆಂದು ಅವರೇ ಒಪ್ಪಿಕೊಂಡರು. ಕಾಪಾಡಿದ್ದು ಆರು ಗಂಟೆ ಮುಂಚೆ ಬೇರೆ ಯಾವುದೋ ಕೆಲಸಕ್ಕೆಂದು ಕೈಯಾರೆ ತೆಗೆದಿಟ್ಟಿದ್ದ ಒಂದು ಸ್ನ್ಯಾಪ್‌ಶಾಟ್. ಸ್ವಂತ ಹುಳುಕನ್ನು ಅವರು ಜಗತ್ತಿನ ಮುಂದೆ ಬಿಚ್ಚಿಟ್ಟರು, ಅದು ದೊಡ್ಡತನ. ಉಳಿದವರು ಅದನ್ನು ಓದಿ, ಲೊಚಗುಟ್ಟಿ, ತಮ್ಮ ಡಿಆರ್ ಡ್ರಿಲ್ ವರದಿಗೆ ಎಂದಿನಂತೆ ರುಜು ಹಾಕಿದರು.

ನಿಮ್ಮ ಕಚೇರಿಯ ಸರ್ವರ್ ರೂಮಿನವರನ್ನು ಬ್ಯಾಕಪ್ ಇದೆಯೇ ಎಂದು ಕೇಳಬೇಡಿ. ಇದೆ ಅಂತಲೇ ಅನ್ನುತ್ತಾರೆ. ಅದರಿಂದ ಒಂದಾದರೂ ಫೈಲು ವಾಪಸ್ ತೆಗೆದು ನೋಡಿದ್ದು ಯಾವ ತಾರೀಖು ಎಂದು ಕೇಳಿ, ಬರವಣಿಗೆಯಲ್ಲಿ ಈಸಿಕೊಳ್ಳಿ.