ಆರಲಿ ಬಿಡಿ, ಸಾರ್

ಹೆದ್ದಾರಿ ಬದಿಯ ಲಾರಿ ಗ್ಯಾರೇಜಿನ ಹಿರಿಯ ಮೇಸ್ತ್ರಿಯನ್ನು ಸೋಮಾರಿ ಎಂದು ಬೈಯದ ಮಾಲೀಕ ಸಿಗುವುದು ಕಷ್ಟ. ಚಿತ್ರದುರ್ಗದ ಕಡೆಯಿಂದ ಯಶವಂತಪುರಕ್ಕೆ ಈರುಳ್ಳಿ ಹೇರಿಕೊಂಡು ಹೊರಟ ಆರು ಸಿಲಿಂಡರಿನ ಲಾರಿ, ಏರು ಬಂದರೆ ಪಿಕಪ್ ಇಲ್ಲದೆ ಕರಿಹೊಗೆ ಕಕ್ಕುತ್ತ ಬಂದು ನಿಂತಿದೆ. “ಬೆಳಗ್ಗೆ ಟಿಕ್ ಟಿಕ್ ಅಂತಿತ್ತು, ಈಗ ನೋಡಿದ್ರೆ ಸದ್ದೇ ಇಲ್ಲ” ಎನ್ನುತ್ತಾನೆ ಡ್ರೈವರ್. ಮಾಲೀಕನ ಫೋನು ಬಡಿದುಕೊಳ್ಳುತ್ತಲೇ ಇದೆ. ಈರುಳ್ಳಿಯೂ ಕಾಯುವುದಿಲ್ಲ, ಸಾಲದ ಕಂತೂ ಕಾಯುವುದಿಲ್ಲ. ಮೇಸ್ತ್ರಿ ಕ್ಯಾಬಿನ್ ಎತ್ತಿಸಿ, ಒಮ್ಮೆ ಬಗ್ಗಿ ನೋಡಿ, “ಆರಲಿ ಬಿಡಿ, ಸಾರ್” ಎಂದು ಟೀ ಅಂಗಡಿಗೆ ನಡೆಯುತ್ತಾನೆ. ಇಂಥವನ ಪರ ವಕಾಲತ್ತು ವಹಿಸುವುದು ಸುಲಭವಲ್ಲ. ಆದರೂ ಎಕ್ಸಾಸ್ಟ್ ಲೀಕಿನ ಮಟ್ಟಿಗೆ ಅವನ ಸೋಮಾರಿತನದಷ್ಟು ಕರಾರುವಾಕ್ಕಾದ ಉಪಕರಣ ಆ ಗ್ಯಾರೇಜಿನಲ್ಲಿ ಇನ್ನೊಂದಿಲ್ಲ ಎಂಬುದೇ ನನ್ನ ವಾದ.

ಮೊದಲನೆಯದಾಗಿ, ಕಾದ ಇಂಜಿನ್ ತನ್ನ ರೋಗವನ್ನು ಮುಚ್ಚಿಡುತ್ತದೆ. ಒಂದು ಮೀಟರ್ ಉದ್ದದ ಬೀಡುಕಬ್ಬಿಣಕ್ಕೆ 500 ಡಿಗ್ರಿ ಶಾಖ ಏರಿದರೆ ಅದು ಐದಾರು ಮಿಲಿಮೀಟರ್ ಹಿಗ್ಗುತ್ತದೆ. ದೊಡ್ಡ ಇಂಜಿನ್ನುಗಳಲ್ಲಿ ಎಲ್ಲ ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಮ್ಯಾನಿಫೋಲ್ಡನ್ನು ಎರಡು ಮೂರು ತುಂಡಾಗಿ ಮಾಡಿ ಜೋಡಿಸುವುದು ಇದಕ್ಕೇ; ಅದನ್ನು ಹೆಡ್ಡಿಗೆ ಬಿಗಿಯುವ ಎರಡು ತುದಿಯ ಸ್ಟಡ್‌ಗಳೇ ಹೆಚ್ಚಾಗಿ ಮುರಿಯುವುದೂ ಇದಕ್ಕೇ. ಹಿಗ್ಗಿದ ಕಬ್ಬಿಣ ಸಣ್ಣ ಬಿರುಕನ್ನು ತಾನೇ ಮುಚ್ಚಿಕೊಂಡಾಗ ಡ್ರೈವರಿನ ಟಿಕ್ ಟಿಕ್ ಮಾಯ. ಅವಸರದ ಹುಡುಗ ಮೆಕ್ಯಾನಿಕ್ ಆ ಹೊತ್ತಿನಲ್ಲೇ ಡೀಸೆಲ್ ಫಿಲ್ಟರ್ ಬದಲಿಸಿ, ಪಂಪನ್ನು ಅನುಮಾನಿಸಿ, ಕೊನೆಗೆ ಟರ್ಬೊ ಹೋಗಿದೆ ಎಂದು ಮಾಲೀಕನ ಎದೆ ಒಡೆಸುತ್ತಾನೆ. ಟರ್ಬೊ ಪಾಪ ಚೆನ್ನಾಗಿಯೇ ಇರುತ್ತದೆ. ಅದನ್ನು ತಿರುಗಿಸಬೇಕಾದ ಗ್ಯಾಸು ದಾರಿಯಲ್ಲೇ ಸೋರಿಹೋದರೆ ಇಂಜಿನ್ನಿಗೆ ಗಾಳಿ ಸಾಲದು, ಡೀಸೆಲ್ ಪೂರ್ತಿ ಉರಿಯದು, ಕರಿಹೊಗೆ ಅಲ್ಲಿಂದ. ಇತ್ತ ಟೀ ಮುಗಿಸಿ, ಎಲೆಅಡಿಕೆ ಹಾಕಿಕೊಂಡು ಬಂದ ಮೇಸ್ತ್ರಿ ತಣ್ಣಗಾದ ಇಂಜಿನ್ನನ್ನು ಸ್ಟಾರ್ಟ್ ಮಾಡಿಸುತ್ತಾನೆ. ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಒಂದೊಂದೇ ಸಿಲಿಂಡರಿನ ಬಾಯಿಗೆ. ಟ್ಯಾಪೆಟ್ ಸಡಿಲವಾದರೂ ಟಿಕ್ ಎನ್ನುತ್ತದೆ, ಆದರೆ ಅದರ ಸದ್ದು ಮೇಲಿನಿಂದ ಬರುತ್ತದೆ. ಸೋರುವ ಗ್ಯಾಸಾದರೆ ಪೈಪಿನೊಳಗೆ ಉಗಿದಂತೆ ಕೇಳುತ್ತದೆ. ಆಮೇಲೆ ಟಾರ್ಚ್ ಹಿಡಿದರೆ ಸಾಕ್ಷಿ ಅಲ್ಲೇ ಇದೆ: ಮ್ಯಾನಿಫೋಲ್ಡಿಗೂ ಹೆಡ್ಡಿಗೂ ನಡುವಿನ ಪ್ಯಾಕಿಂಗಿನ ಅಂಚಿನಿಂದ ಹೆಡ್ಡಿನ ಮೇಲೆ ಬೀಸಣಿಗೆ ಬಿಚ್ಚಿದಂತೆ ಹರಡಿದ ಮಸಿ.

ಮುರಿದ ಸ್ಟಡ್ ತೆಗೆಯುವಾಗಲೂ ಇದೇ ನಿಧಾನ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಮತ್ತೆ ಕೂರುತ್ತಾನೆ. ಬಗ್ಗದಿದ್ದರೆ ಮುರಿದ ಮೋಟಿನ ಮೇಲೆ ನಟ್ಟು ಇಟ್ಟು ವೆಲ್ಡ್ ಹೊಡೆಯುತ್ತಾನೆ. ಆ ಕಾವಿಗೆ ತುಕ್ಕಿನ ಹಿಡಿತ ಬಿಡುತ್ತದೆ, ಪಾನಾ ಹಾಕಿ ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪವೇ ಆಡಿಸಿ ಬಿಚ್ಚುತ್ತಾನೆ. ಇಲ್ಲಿ ಅವಸರಪಟ್ಟು ಡ್ರಿಲ್ ಓರೆಯಾದರೆ ಹೆಡ್ಡನ್ನೇ ಇಳಿಸಬೇಕಾದೀತು, ಈರುಳ್ಳಿ ಅಲ್ಲೇ ಮೊಳಕೆ ಒಡೆದೀತು. ಹೊಸ ಪ್ಯಾಕಿಂಗ್ ಕೂರಿಸುವ ಮುಂಚೆ ಮ್ಯಾನಿಫೋಲ್ಡಿನ ಮುಖಕ್ಕೆ ಉಕ್ಕಿನ ಪಟ್ಟಿ ಹಿಡಿದು ಬೆಳಕು ನುಸುಳುತ್ತದೆಯೇ ನೋಡುತ್ತಾನೆ. ನುಸುಳಿದರೆ ಲೇಥ್ ಅಂಗಡಿಗೆ. ಇಷ್ಟು ಮಾಡದೆ ಪ್ಯಾಕಿಂಗ್ ಮಾತ್ರ ಬದಲಿಸಿದವನ ಹತ್ತಿರ ಅದೇ ಲಾರಿ ಅದೇ ಸದ್ದು ಮಾಡಿಕೊಂಡು ವಾಪಸು ಬರುತ್ತದೆ.

ಆಕ್ಷೇಪಗಳಿವೆ. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದಿದೆ, ಲಾರಿಯಲ್ಲೇ ಕಂಪ್ಯೂಟರ್ ಕೂತಿದೆ, ಸ್ಕ್ಯಾನರ್ ಹಾಕಿದರೆ ಆಯಿತಲ್ಲ, ಈ ಕಿವಿ ಪೈಪಿನ ನಾಟಕ ಯಾಕೆ ಎನ್ನುವವರುಂಟು. ಸ್ಕ್ಯಾನರ್ ಬೇಕು, ನಿಜ. ಆದರೆ ಟರ್ಬೊ ಒತ್ತಡ ಸಾಲದು ಎನ್ನುವಷ್ಟಕ್ಕೆ ಅದರ ಮಾತು ಮುಗಿಯುತ್ತದೆ. ಆರನೇ ಸಿಲಿಂಡರಿನ ಕೆಳಗಿನ ಸ್ಟಡ್ ಮುರಿದಿದೆ ಎಂದು ಅದು ಹೇಳುವುದಿಲ್ಲ. ಕೂತಿದ್ದಕ್ಕೂ ಮಜೂರಿ ಹಾಕುತ್ತಾನೆ ಎಂಬುದು ಇನ್ನೊಂದು ದೂರು. ಹಾಕಲಿ, ಕೆಡದ ಟರ್ಬೊ ಬದಲಿಸಿದ ಬಿಲ್ಲಿಗಿಂತ ಅವನು ಕುಡಿದ ಟೀ ಅಗ್ಗ. ಟಾರ್ಕ್ ರೆಂಚಿನ ವಿಚಾರದಲ್ಲಿ ಮಾತ್ರ ನನ್ನ ವಕಾಲತ್ತು ನಡೆಯದು. ನಡುವಿನಿಂದ ಶುರುಮಾಡಿ ತುದಿಗಳ ಕಡೆಗೆ, ಮೂರು ಸುತ್ತಿನಲ್ಲಿ ಬಿಗಿಯಬೇಕೆಂಬುದು ಅವನಿಗೆ ಬಾಯಿಪಾಠ. ಎಷ್ಟು ಬಿಗಿಯಬೇಕೆಂದು ಕೇಳಿದರೆ ಮಾತ್ರ ಮೊಣಕೈ ತೋರಿಸುತ್ತಾನೆ. ಆ ಮೊಣಕೈ ಹುಮ್ಮಸ್ಸಿನಲ್ಲಿದ್ದ ದಿನ ಹೊಸ ಸ್ಟಡ್ಡಿಗೂ ಆಯುಸ್ಸಿಲ್ಲ.

ಒಂದು ಟ್ರಿಪ್ ಓಡಿಸಿಕೊಂಡು ಬನ್ನಿ, ಇನ್ನೊಮ್ಮೆ ಬಿಗಿ ನೋಡ್ತೀನಿ ಎಂದು ಅವನು ಹೇಳಿಯೇ ಕಳಿಸುತ್ತಾನೆ. ಮಾಲೀಕ ಹೂಂ ಎನ್ನುತ್ತಾನೆ. ಮರುದಿನ ಯಶವಂತಪುರದಿಂದ ವಾಪಸು ಬರುವ ಲಾರಿಗೆ ಯಾವುದೋ ಅರ್ಜೆಂಟ್ ಲೋಡು ಸಿಕ್ಕಿರುತ್ತದೆ. ಅದು ಗ್ಯಾರೇಜಿನ ಮುಂದೆ ನಿಲ್ಲದೆ, ಮೇಸ್ತ್ರಿಗೆ ಒಂದು ಹಾರನ್ ಹೊಡೆದು ಹುಬ್ಬಳ್ಳಿ ಕಡೆ ಹೋಗುತ್ತದೆ.